ಮಿಶಿಗನ್ ಅವೆನ್ಯೂದಲ್ಲಿ ದೀಪ ಹೊತ್ತುವ ಶನಿವಾರ: ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವುದು ಹೇಗೆ

ನವೆಂಬರ್ ಅರ್ಧ ಕಳೆಯಿತೆಂದರೆ ಶಿಕಾಗೋಗೆ ಹೊಸದಾಗಿ ಬಂದ ಕನ್ನಡಿಗರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಡೌನ್‌ಟೌನ್‌ನಲ್ಲಿ ಅದೇನೋ ಲೈಟ್ಸ್ ಫೆಸ್ಟಿವಲ್ ಅಂತೆ. ಅಪ್ಪ ಅಮ್ಮ ಬಂದಿದ್ದಾರೆ, ಕರ್ಕೊಂಡು ಹೋಗಬಹುದಾ?"

ಧಾರಾಳವಾಗಿ ಹೋಗಬಹುದು. ಟಿಕೆಟ್ ಇಲ್ಲ, ಪಾಸ್ ಇಲ್ಲ, ರಸ್ತೆ ಪಕ್ಕ ನಿಂತರೆ ಸಾಕು. ಆದರೆ ಹೋಗುವ ಕ್ರಮ ಗೊತ್ತಿಲ್ಲದೆ ಹೊರಟರೆ ನಮ್ಮ ಮೊದಲ ವರ್ಷದ ಕಥೆಯಾಗುತ್ತದೆ. ಸಬರ್ಬಿನಿಂದ ಕಾರಿನಲ್ಲಿ ಹೊರಟೆವು, ಲೋವರ್ ವ್ಯಾಕರ್ ಡ್ರೈವ್ ಎಂಬ ನೆಲಮಾಳಿಗೆಯ ರಸ್ತೆಯಲ್ಲಿ ಜಿಪಿಎಸ್ ದಿಕ್ಕುಗೆಟ್ಟಿತು, ಮೇಲೆ ಬರುವಷ್ಟರಲ್ಲಿ ರಸ್ತೆಗಳೆಲ್ಲ ಬಂದ್. ಕಾರು ನಿಲ್ಲಿಸಿ ಓಡೋಡಿ ಬಂದಾಗ ಕಂಡದ್ದು ಸಾಂಟಾನ ಬೆನ್ನು. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಊರಲ್ಲಿ ತೇರು ನೋಡಲು ಹೋಗುವವರನ್ನು ನೆನಪಿಸಿಕೊಳ್ಳಿ. ತೇರು ಎಲ್ಲಿಂದ ಹೊರಡುತ್ತದೆ, ಯಾವ ತಿರುವಿನಲ್ಲಿ ತಡವಾಗುತ್ತದೆ, ಯಾರ ಮನೆಯ ಜಗಲಿ ಹತ್ತಿದರೆ ಚೆನ್ನಾಗಿ ಕಾಣುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಇಲ್ಲೂ ಅಷ್ಟೇ. ಎಲ್ಲಿ ನಿಲ್ಲುತ್ತೀರಿ ಎನ್ನುವುದೊಂದು ತೀರ್ಮಾನವಾದರೆ ಹೊರಡುವ ಹೊತ್ತು, ಹಿಡಿಯುವ ರೈಲು, ಉಣ್ಣುವ ಜಾಗ ಎಲ್ಲ ತಾನಾಗಿ ಕೂಡಿಬರುತ್ತದೆ.

ಮೊದಲು ಶನಿವಾರ ಯಾವುದು ನೋಡಿಕೊಳ್ಳಿ

ಹಬ್ಬದ ಪೂರ್ತಿ ಹೆಸರು ಮ್ಯಾಗ್ನಿಫಿಸೆಂಟ್ ಮೈಲ್ ಲೈಟ್ಸ್ ಫೆಸ್ಟಿವಲ್. ನದಿಯಿಂದ ಓಕ್ ಸ್ಟ್ರೀಟ್‌ವರೆಗಿನ ಮಿಶಿಗನ್ ಅವೆನ್ಯೂಗೆ 'ಮ್ಯಾಗ್ನಿಫಿಸೆಂಟ್ ಮೈಲ್' ಎಂದು 1947ರಲ್ಲಿ ಹೆಸರಿಟ್ಟವನು ಆರ್ಥರ್ ರುಬ್ಲಾಫ್ ಎಂಬ ರಿಯಲ್ ಎಸ್ಟೇಟ್ ವ್ಯಾಪಾರಿ. ಈಗಿನ ಮೆರವಣಿಗೆಯ ಹಬ್ಬ ಶುರುವಾದದ್ದು 1992ರಲ್ಲಿ. ಅಂಗಡಿಗಳ ಬೀದಿಯಲ್ಲಿ ಅಂಗಡಿಯವರೇ ಸೇರಿ ಬೆಳೆಸಿದ ಹಬ್ಬ, ಹಾಗಾಗಿ ವ್ಯಾಪಾರದ ವಾಸನೆ ಇದ್ದೇ ಇದೆ. ಅದನ್ನು ಕಂಡೂ ಕಾಣದಂತೆ ಇರಲು ನಾನು ಕಲಿತಿದ್ದೇನೆ. ಜಾತ್ರೆಯಲ್ಲಿ ಬಳೆ ಅಂಗಡಿ ಇರುವುದಿಲ್ಲವೇ?

ದಿನ ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ. ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೇ ಗುರುವಾರ, ಅದರಿಂದ ಹಿಂದಕ್ಕೆ ಎಣಿಸಿ. 2024ರಲ್ಲಿ ನವೆಂಬರ್ 23, 2025ರಲ್ಲಿ ನವೆಂಬರ್ 22 ಬಂದಿತ್ತು. ಊರಲ್ಲಿ ಕಾರ್ತಿಕದ ದೀಪೋತ್ಸವ, ಕಡಲೆಕಾಯಿ ಪರಿಷೆ ನಡೆಯುವ ದಿನಗಳ ಆಸುಪಾಸೇ. ಆ ವರ್ಷದ ವೇಳಾಪಟ್ಟಿಯನ್ನು ಹಬ್ಬದ ವೆಬ್‌ಸೈಟಿನಲ್ಲಿ ನೋಡಿಯೇ ರೈಲಿನ ಲೆಕ್ಕ ಹಾಕಿ. ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮ ಅದೇ ಶನಿವಾರ ಬಂದಿದೆಯಾ ಎಂದೂ ನೋಡಿಕೊಳ್ಳಿ. ಮಗುವಿಗೆ ಕೋಲಾಟದ ಡ್ರೆಸ್ ಹೊಲಿಸಿಟ್ಟು ಮಿಕ್ಕಿ ಮೌಸ್ ನೋಡಲು ಹೋಗುತ್ತೇವೆಂದರೆ ಮನೆಯಲ್ಲಿ ರಂಪವಾಗುತ್ತದೆ.

ಇನ್ನೆರಡು ಕಾರ್ಯಕ್ರಮಗಳ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಮಿಲೆನಿಯಂ ಪಾರ್ಕಿನಲ್ಲಿ ನಗರದ ಕ್ರಿಸ್‌ಮಸ್ ಮರಕ್ಕೆ ದೀಪ ಹಾಕುವುದು ಬೇರೆ, ಅದು ಹೆಚ್ಚಾಗಿ ಹಿಂದಿನ ದಿನ ಶುಕ್ರವಾರ ಸಂಜೆ. ಆ ಸಂಪ್ರದಾಯ 1913ರಷ್ಟು ಹಳೆಯದು, ಮೊದಲ ಮರ ನಿಂತದ್ದು ಗ್ರ್ಯಾಂಟ್ ಪಾರ್ಕಿನಲ್ಲಿ. ಥ್ಯಾಂಕ್ಸ್‌ಗಿವಿಂಗ್ ದಿನ ಬೆಳಿಗ್ಗೆ ಸ್ಟೇಟ್ ಸ್ಟ್ರೀಟಿನಲ್ಲಿ ನಡೆಯುವ ಪರೇಡ್ ಇನ್ನೊಂದು. ಮೂರನ್ನೂ ನೋಡುತ್ತೇನೆಂದು ಹೊರಟವರು ಮೂರನೆಯದರ ಹೊತ್ತಿಗೆ ಕೆಮ್ಮುತ್ತಿರುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಒಂದನ್ನೇ ಆರಿಸಿಕೊಳ್ಳಿ. ನನ್ನ ಮತ ಶನಿವಾರಕ್ಕೆ.

ಎಲ್ಲಿ ನಿಲ್ಲಬೇಕು

ಮೆರವಣಿಗೆ ಸಂಜೆ 5:30ರ ಸುಮಾರಿಗೆ ಉತ್ತರದ ಓಕ್ ಸ್ಟ್ರೀಟಿನಿಂದ ಹೊರಟು ದಕ್ಷಿಣಕ್ಕೆ, ನದಿಯ ಕಡೆಗೆ ಬರುತ್ತದೆ. ಮುಂದೆ ಮಿಕ್ಕಿ, ಮಿನ್ನಿ. ಅವರ ವಾಹನ ಬಂದಹಾಗೆ ಆಯಾ ಭಾಗದ ಮರಗಳಲ್ಲಿ ದೀಪ ಹೊತ್ತಿಕೊಳ್ಳುತ್ತಾ ಬರುತ್ತದೆ. ಒಟ್ಟು 200 ಮರ, ಹತ್ತು ಲಕ್ಷಕ್ಕೂ ಹೆಚ್ಚು ದೀಪ ಎಂಬುದು ಆಯೋಜಕರ ಲೆಕ್ಕ. ಲಕ್ಷ ದೀಪೋತ್ಸವ ಕಂಡವರಿಗೆ ಸಂಖ್ಯೆ ದೊಡ್ಡದೆನಿಸದಿರಬಹುದು, ಆದರೆ ಒಂದೇ ಸಲ ಸ್ವಿಚ್ ಒತ್ತದೆ ಬೀದಿಯುದ್ದ ಬೆಳಕು ನಡೆದುಬರುವ ಆ ಬಗೆ ಇದೆಯಲ್ಲ, ನೋಡಬೇಕಾದ್ದು ಅದನ್ನು. ಹಿಂದೆ ಬರುವ ಬ್ಯಾಂಡು, ಗಾಳಿ ತುಂಬಿದ ಭಾರೀ ಬೊಂಬೆಗಳು, ಅಲಂಕರಿಸಿದ ವಾಹನಗಳು, ಕೊನೆಯ ಸಾಂಟಾ ಎಲ್ಲ ಮಕ್ಕಳಿಗೆ.

ಇದರಿಂದ ಒಂದು ಲೆಕ್ಕ ಸಿಗುತ್ತದೆ. ಉತ್ತರದ ತುದಿಯಲ್ಲಿ ನಿಂತರೆ ಬೇಗ ನೋಡಿ ಬೇಗ ಹೊರಡಬಹುದು, ಆದರೆ ಹತ್ತು ನಿಮಿಷ ತಡವಾದರೂ ದೀಪ ಹೊತ್ತುವ ಗಳಿಗೆ ತಪ್ಪುತ್ತದೆ. ದಕ್ಷಿಣದ ತುದಿಯಲ್ಲಿ ನಿಂತರೆ ತಡವಾದರೂ ಸಿಗುತ್ತದೆ, ಮೆರವಣಿಗೆ ಮುಗಿದ ಮೇಲೆ ನದಿಯ ಮೇಲಿನ ಬಾಣಬಿರುಸೂ ಕಾಣುತ್ತದೆ, ಆದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಡೂಸೇಬಲ್ ಸೇತುವೆಯ ಸುತ್ತಮುತ್ತ ಆ ಸಂಜೆ ಅಮ್ಮನ ಕೈ ಹಿಡಿದು ನಿಲ್ಲುವ ಧೈರ್ಯ ನನಗಿಲ್ಲ.

ನಾವು ಈಗ ನಿಲ್ಲುವುದು ನಡುವೆ, ಸುಪೀರಿಯರ್, ಹ್ಯೂರಾನ್, ಈರಿ ಸ್ಟ್ರೀಟುಗಳ ಮಧ್ಯದಲ್ಲಿ. ಪಶ್ಚಿಮದ ಫುಟ್‌ಪಾತಿನ ಮೇಲೆ. ಪಶ್ಚಿಮವೇ ಯಾಕೆ ಎಂದರೆ ಕಾರಣ ರೈಲು. ರೆಡ್ ಲೈನ್ ಓಡುವುದು ಸ್ಟೇಟ್ ಸ್ಟ್ರೀಟಿನಡಿ, ಅದು ಮಿಶಿಗನ್ ಅವೆನ್ಯೂವಿನ ಪಶ್ಚಿಮಕ್ಕಿದೆ. ಬ್ಯಾರಿಕೇಡ್ ಬಿದ್ದ ಮೇಲೆ ರಸ್ತೆ ದಾಟಲು ಬಿಡುವುದಿಲ್ಲ. ಪೂರ್ವದಲ್ಲಿ ಸಿಕ್ಕಿಕೊಂಡರೆ ಮಗುವಿಗೆ ನಿದ್ದೆ ಬಂದರೂ, ಅಪ್ಪನಿಗೆ ಮಂಡಿ ನೋವು ಬಂದರೂ, ಸಾಂಟಾ ದಾಟುವವರೆಗೆ ನೀವು ಅಲ್ಲಿಯೇ. ಪಶ್ಚಿಮದಲ್ಲಿ ಸಾಕೆನಿಸಿದ ಗಳಿಗೆಯಲ್ಲೇ ಹಿಂದೆ ತಿರುಗಿ ನಡೆದುಬಿಡಬಹುದು.

ಇನ್ನೊಂದು ಮಾತು. ಮೂಲೆಯಲ್ಲಿ ನಿಲ್ಲಬೇಡಿ. ಅಡ್ಡರಸ್ತೆಗಳಿಂದ ಗಾಳಿ ಕೊಳವೆಯಲ್ಲಿ ನುಗ್ಗಿದ ಹಾಗೆ ನುಗ್ಗುತ್ತದೆ. ಎರಡು ಮೂಲೆಗಳ ನಡುವೆ, ಬೆನ್ನಿಗೆ ಕಟ್ಟಡ ಇರುವ ಕಡೆ ನಿಂತರೆ ಚಳಿ ಅರ್ಧ ಕಡಿಮೆ. ಮೊದಲ ಸಾಲು ಬೇಕೆಂದರೆ 4 ಗಂಟೆಗೆ ಅಲ್ಲಿರಬೇಕು. ಮಕ್ಕಳಿಲ್ಲದಿದ್ದರೆ 5 ಗಂಟೆಗೆ ಹೋದರೂ ತಲೆಗಳ ಮೇಲಿಂದ ಕಾಣುತ್ತದೆ, ಬೊಂಬೆಗಳು ಎತ್ತರದಲ್ಲೇ ತೇಲುತ್ತವೆ.

ಹೋಗುವ ದಾರಿ

ಕಾರು ಬೇಡ. ಎರಡನೇ ಸಲ ಹೇಳುತ್ತೇನೆ, ಬೇಡ. ಹಬ್ಬದ ರಸ್ತೆಗಳು ಮಧ್ಯಾಹ್ನದಿಂದಲೇ ಮುಚ್ಚತೊಡಗುತ್ತವೆ, ಮಿಶಿಗನ್ ಅವೆನ್ಯೂ ಬಸ್ಸುಗಳು ಬೇರೆ ದಾರಿ ಹಿಡಿಯುತ್ತವೆ, ಗ್ಯಾರೇಜಿನಲ್ಲಿ ಮುಂಗಡ ಜಾಗ ಕಾದಿರಿಸಿದರೂ ಮೆರವಣಿಗೆ ಮುಗಿದ ಮೇಲೆ ಆ ಗ್ಯಾರೇಜಿನಿಂದ ಹೊರಗೆ ಬರುವುದೇ ಒಂದು ತಪಸ್ಸು.

ನೇಪರ್‌ವಿಲ್, ಅರೋರಾ ಕಡೆಯವರು ಮೆಟ್ರಾ ಎಂಬ ಸಬರ್ಬ್ ರೈಲಿನ ಬಿಎನ್‌ಎಸ್‌ಎಫ್ ಲೈನ್ ಹಿಡಿದು ಯೂನಿಯನ್ ಸ್ಟೇಷನ್‌ಗೆ ಬನ್ನಿ. ಅಲ್ಲಿಂದ ನಡೆದರೆ ಅರ್ಧ ಗಂಟೆ. ವಯಸ್ಸಾದವರಿದ್ದರೆ ಹತ್ತಿರದ ಕ್ಲಿಂಟನ್‌ನಲ್ಲಿ ಬ್ಲೂ ಲೈನ್ ಹತ್ತಿ, ಜಾಕ್ಸನ್‌ನಲ್ಲಿ ಇಳಿದು, ನೆಲದಡಿಯ ದಾರಿಯಲ್ಲೇ ರೆಡ್ ಲೈನಿಗೆ ಬದಲಾಯಿಸಿ, ಗ್ರ್ಯಾಂಡ್ ಅಥವಾ ಶಿಕಾಗೋ ಸ್ಟೇಷನ್‌ನಲ್ಲಿ ಇಳಿಯಿರಿ. ಎರಡರಲ್ಲೂ ಲಿಫ್ಟ್ ಇದೆ. ಅಲ್ಲಿಂದ ಪೂರ್ವಕ್ಕೆ ಮೂರು ರಸ್ತೆ ದಾಟಿದರೆ ನೀವು ನಿಲ್ಲಬೇಕಾದ ಫುಟ್‌ಪಾತೇ. ಶಾಮ್‌ಬರ್ಗ್ ಕಡೆಯವರಿಗೆ ನನ್ನ ಸಲಹೆ, ಮೆಟ್ರಾ ವೇಳೆಗೆ ಕಾಯುವ ಬದಲು ರೋಸ್‌ಮಾಂಟ್ ಅಥವಾ ಕಂಬರ್‌ಲೆಂಡ್‌ನಲ್ಲಿ ಕಾರು ಬಿಟ್ಟು ಬ್ಲೂ ಲೈನ್ ಹತ್ತಿ.

ಮೆಟ್ರಾದಲ್ಲಿ ಬರುವವರು ವಾರಾಂತ್ಯದ ಪಾಸನ್ನು ಫೋನಿನ ಆ್ಯಪ್‌ನಲ್ಲಿ ಮನೆಯಲ್ಲೇ ಕೊಂಡುಬಿಡಿ. ಶನಿವಾರ ರೈಲುಗಳು ವಿರಳ, ಹಾಗಾಗಿ ವಾಪಸ್ ಬರುವ ಎರಡು ರೈಲುಗಳ ಸಮಯವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಾಗದವೇ ಯಾಕೆ ಎಂದರೆ ಅಷ್ಟು ಜನ ಒಟ್ಟಿಗೆ ವಿಡಿಯೋ ತೆಗೆಯುವ ಕಡೆ ಫೋನಿನ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ, ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಇದೇ ಕಾರಣಕ್ಕೆ ತಪ್ಪಿಸಿಕೊಂಡರೆ ಸೇರುವ ಜಾಗವನ್ನೂ ಮೊದಲೇ ಹೇಳಿಡಬೇಕು. ವಾಟರ್ ಟವರ್‌ಗಿಂತ ಒಳ್ಳೆಯ ಗುರುತಿಲ್ಲ. ಗಾಜಿನ ಕಟ್ಟಡಗಳ ನಡುವೆ ಅದು ಹಳದಿ ಕಲ್ಲಿನ ಪುಟ್ಟ ಕೋಟೆ, 1869ರಲ್ಲಿ ಕಟ್ಟಿದ್ದು, 1871ರ ಮಹಾ ಬೆಂಕಿಯಲ್ಲಿ ಸುತ್ತಲಿನದೆಲ್ಲ ಸುಟ್ಟಾಗಲೂ ಉಳಿದದ್ದು. ಇಂಗ್ಲಿಷ್ ಬಾರದ ಅತ್ತೆಯವರೂ "ಕಲ್ಲಿನ ಗೋಪುರ" ಎಂದು ನೆನಪಿಟ್ಟುಕೊಂಡಿದ್ದರು. ಅದಿರುವುದೂ ಪಶ್ಚಿಮದ ಬದಿಯಲ್ಲೇ. ಚಿಕ್ಕ ಮಕ್ಕಳ ಮುಂಗೈ ಮೇಲೆ ಪೆನ್ನಿನಲ್ಲಿ ನಿಮ್ಮ ನಂಬರ್ ಬರೆದುಬಿಡಿ.

ಚಳಿ

ನವೆಂಬರ್ ಕೊನೆಯಲ್ಲಿ ಶಿಕಾಗೋದ ಹಗಲು 7 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ ಸೊನ್ನೆಗೆ ಇಳಿಯುತ್ತದೆ. ಸೂರ್ಯ ಸುಮಾರು 4:25ಕ್ಕೇ ಮುಳುಗುತ್ತಾನೆ. ಅಂದರೆ ನೀವು ಜಾಗ ಹಿಡಿದು ನಿಂತ ಸ್ವಲ್ಪ ಹೊತ್ತಿಗೇ ಕತ್ತಲು, ಮೆರವಣಿಗೆಗೆ ಇನ್ನೂ ಒಂದು ಗಂಟೆ. ನಡೆಯುವಾಗ ಗೊತ್ತಾಗದ ಚಳಿ ನಿಂತಾಗ ಗೊತ್ತಾಗುತ್ತದೆ, ಅದೂ ಮೊದಲು ಪಾದದಲ್ಲಿ. ಊರಿಂದ ಬಂದವರು ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಕಾಲಿಗೆ ಮಾತ್ರ ತೆಳ್ಳಗಿನ ಶೂ ಹಾಕಿಕೊಂಡು ಬರುತ್ತಾರೆ. ತಲೆಕೆಳಗಾಗಬೇಕು. ಮೊದಲು ಎರಡು ಜೊತೆ ಕಾಲುಚೀಲ, ದಪ್ಪ ಅಟ್ಟೆಯ ಬೂಟು. ಆಮೇಲೆ ಮೈಗಂಟುವ ಥರ್ಮಲ್, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಜಾಕೆಟ್.

ಸೀರೆ ಬಿಡದ ಅಮ್ಮಂದಿರ ವಿಷಯ. ಬಿಡಿ ಎಂದು ಜಗಳ ಮಾಡಬೇಡಿ, ಅದರಲ್ಲಿ ಗೆದ್ದವರನ್ನು ನಾನು ಕಂಡಿಲ್ಲ. ಲಂಗದ ಒಳಗೆ ಉಣ್ಣೆಯ ಲೆಗಿಂಗ್ಸ್, ಬೂಟಿನ ಮಟ್ಟಕ್ಕಿಂತ ಒಂದಿಷ್ಟು ಮೇಲೆ ಸೀರೆ, ಮೇಲೊಂದು ಮಂಡಿ ತನಕದ ಕೋಟು, ಕಿವಿಗೆ ಮಫ್ಲರ್. ನಮ್ಮಪ್ಪನ ಮಂಕಿ ಕ್ಯಾಪ್ ನೋಡಿ ಪಕ್ಕದಲ್ಲಿ ನಿಂತಿದ್ದ ಅಜ್ಜನೊಬ್ಬ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದ. ಅಪ್ಪ ಆ ದಿನವೆಲ್ಲ ಹೆಮ್ಮೆಯಲ್ಲಿದ್ದರು.

ಕೈ ಬೆಚ್ಚಗಿಡುವ ಪುಟ್ಟ ಪೊಟ್ಟಣಗಳು ಎಲ್ಲ ದೊಡ್ಡ ಅಂಗಡಿಗಳಲ್ಲೂ ಸಿಗುತ್ತವೆ, ಗವಸಿನೊಳಗೆ ಒಂದೊಂದು ಇಡಿ. ಒಡೆದ ಮೇಲೆ ಬಿಸಿಯಾಗಲು ಹೊತ್ತು ಬೇಕು, ಚಳಿಯಾದ ಮೇಲೆ ಒಡೆದರೆ ಪ್ರಯೋಜನ ಕಡಿಮೆ.

ಹೊಟ್ಟೆ ಮತ್ತು ಇನ್ನೊಂದು

ಇನ್ನೊಂದೆಂದರೆ ಶೌಚಾಲಯ. ಮಾರ್ಗದರ್ಶಿಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ, ಹೋದವರೆಲ್ಲ ಮೊದಲು ಕೇಳುವುದು ಇದನ್ನೇ. ಉತ್ತರದ ಕಡೆ 900 ನಾರ್ತ್ ಮಿಶಿಗನ್ ಮಾಲ್ ಇದೆ, ಪಶ್ಚಿಮದ ಬದಿಯಲ್ಲೇ. ಜಾಗ ಹಿಡಿಯುವ ಮುಂಚೆ, 3:30ರ ಸುಮಾರಿಗೆ, ಬೇಕೆನಿಸಲಿ ಬಿಡಲಿ ಎಲ್ಲರನ್ನೂ ಅಲ್ಲಿಗೆ ಕಳಿಸಿಬಿಡಿ. ಅಲ್ಲಿಂದ ಸುಪೀರಿಯರ್ ಕಡೆಗೆ ನಿಧಾನವಾಗಿ ನಡೆದು ಬಂದರೆ 4 ಗಂಟೆ. ಆಮೇಲೆ ಹೊರಟರೆ ಜಾಗವೂ ಹೋಯಿತು, ಸಾಲೂ ಬೆಳೆದಿರುತ್ತದೆ.

ಊಟಕ್ಕೆ ಡೀಪ್ ಡಿಶ್ ಪಿಜ್ಜಾ ತಿನ್ನಿಸಬೇಕೆಂಬ ಆಸೆ ಎಲ್ಲರಿಗೂ. ಪಾಲಕ್ ಹಾಕಿದ ಸಸ್ಯಾಹಾರಿ ಪಿಜ್ಜಾ ಚೆನ್ನಾಗಿಯೇ ಇರುತ್ತದೆ, ಆದರೆ ಬೇಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಆ ರಾತ್ರಿ ಕೂರಲು ಜಾಗ ಸಿಗುವ ಸಾಲು ಬೇರೆ. ಮಧ್ಯಾಹ್ನ ಒಂದು ಗಂಟೆಗೇ ತಿಂದು ಮುಗಿಸಿ. ಸಂಜೆಗೆ ಮನೆಯದೇ: ಚಪಾತಿ ಪಲ್ಯ ಸುತ್ತಿದ ರೋಲು, ಗವಸು ಹಾಕಿದ ಕೈಯಲ್ಲೂ ತಿನ್ನಬಹುದು. ಚಿತ್ರಾನ್ನ ತಂದು ಒಂದು ವರ್ಷ ಪಾಡುಪಟ್ಟಿದ್ದೇವೆ, ಚಮಚ ಹಿಡಿದ ಬೆರಳು ಮರಗಟ್ಟಿದ್ದವು. ಫ್ಲಾಸ್ಕಿನಲ್ಲಿ ಕಾಫಿ ಇರಲಿ, ಸ್ವಲ್ಪವೇ ಕುಡಿಯಿರಿ. ಕಾರಣ ಮೇಲಿನ ಪ್ಯಾರಾದಲ್ಲಿದೆ.

ಗ್ಯಾರೆಟ್ ಪಾಪ್‌ಕಾರ್ನ್ ಅಂಗಡಿಯ ಸಾಲು ನೋಡಿ ಹೆದರಬೇಡಿ, ಬೇಗ ಸಾಗುತ್ತದೆ. ಚೀಸ್ ಮತ್ತು ಕ್ಯಾರಮೆಲ್ ಬೆರೆಸಿದ್ದನ್ನು ಕೇಳಿ. "ಖಾರಕ್ಕೂ ಸಿಹಿಗೂ ಯಾಕೋ ಮದುವೆ ಮಾಡ್ಸಿದಾರೆ" ಎಂದ ಅಮ್ಮ ಪೊಟ್ಟಣದ ಮುಕ್ಕಾಲು ಪಾಲು ಖಾಲಿ ಮಾಡಿದ್ದರು.

ಮಧ್ಯಾಹ್ನ ಎಲ್ಲಿ ಕಳೆಯಬೇಕು

ಬೆಳಿಗ್ಗೆ ಬೇಗ ಬಂದವರಿಗೆ, ವಿಶೇಷವಾಗಿ ಊರಿನವರು ಜೊತೆಗಿದ್ದರೆ, ಮೊದಲು ಆರ್ಟ್ ಇನ್‌ಸ್ಟಿಟ್ಯೂಟ್ ಕಡೆ ಹೋಗಿ. ಅದೂ ಮಿಶಿಗನ್ ಅವೆನ್ಯೂ ಮೇಲೆಯೇ, ನದಿಯಿಂದ ದಕ್ಷಿಣಕ್ಕೆ. ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತಾಡಿದ ಕಟ್ಟಡ ಇದೇ. ಅಂದಿನ ಸಭಾಂಗಣ ಈಗಿಲ್ಲ, ಆ ಜಾಗದಲ್ಲಿ ಫುಲ್ಲರ್ಟನ್ ಹಾಲ್ ಇದೆ. ಹೊರಗೆ ರಸ್ತೆಗೆ ಅವರ ಹೆಸರಿನ ಗೌರವ ಫಲಕವಿದೆ. ಒಳಗೆ ಹೋಗಲು ಟಿಕೆಟ್ ಬೇಕು, ಫಲಕದ ಕೆಳಗೆ ಫೋಟೋ ತೆಗೆಸಿಕೊಳ್ಳಲು ಬೇಡ. ನಮ್ಮಪ್ಪ ಇಡೀ ಅಮೆರಿಕಾ ಪ್ರವಾಸದಲ್ಲಿ ಫ್ರೇಮ್ ಹಾಕಿಸಿದ್ದು ಆ ಒಂದು ಫೋಟೋಗೆ. ಬಾಗಿಲ ಇಕ್ಕೆಲದ ಕಂಚಿನ ಸಿಂಹಗಳು ಮಾತ್ರ ಭಾಷಣದ ದಿನ ಇರಲಿಲ್ಲ, ಅವು ಬಂದದ್ದು ಮರುವರ್ಷ, 1894ರಲ್ಲಿ.

ಮಕ್ಕಳಿಗೆ ಇದೆಲ್ಲ ಬೇಸರ. ಅವರನ್ನು ನದಿಯ ಪಕ್ಕದ ಪಯೋನಿಯರ್ ಕೋರ್ಟಿಗೆ ಕಳಿಸಿ, ಟ್ರಿಬ್ಯೂನ್ ಟವರ್ ಪಕ್ಕದಲ್ಲೇ ಇದೆ. ಹಬ್ಬದ ಹಗಲಿನ ಮಳಿಗೆಗಳು, ಹಾಡು, ಆಟಗಳು ಸಾಮಾನ್ಯವಾಗಿ ಅಲ್ಲಿಯೇ. ಸ್ಯಾಂಪಲ್ ಹಂಚುವ ಕಂಪನಿಗಳ ಸಾಲಿನಲ್ಲಿ ಅವರು ಖುಷಿಯಾಗಿ ಒಂದು ಗಂಟೆ ನಿಲ್ಲುತ್ತಾರೆ. ಅದಿರುವುದು ಪೂರ್ವದ ಬದಿಯಲ್ಲಿ ಎಂಬುದನ್ನು ಮರೆಯದೆ ಬ್ಯಾರಿಕೇಡ್ ಬೀಳುವ ಮುಂಚೆ ಪಶ್ಚಿಮಕ್ಕೆ ದಾಟಿಬನ್ನಿ.

ಡೇಲಿ ಪ್ಲಾಜಾದ ಕ್ರಿಸ್ಟ್‌ಕಿಂಡಲ್‌ಮಾರ್ಕೆಟ್ ಎಂಬ ಜರ್ಮನ್ ಸಂತೆಯೂ ಆ ಹೊತ್ತಿಗೆ ತೆರೆದಿರುತ್ತದೆ. ನ್ಯೂರೆಂಬರ್ಗ್‌ನ ಹಳೆಯ ಸಂತೆಯ ಮಾದರಿಯಲ್ಲಿ 1996ರಲ್ಲಿ ಶುರುವಾದದ್ದು. ಅದನ್ನು ಈ ಶನಿವಾರಕ್ಕೆ ಸೇರಿಸಬೇಡಿ, ಉಸಿರಾಡಲು ಜಾಗ ಇರುವುದಿಲ್ಲ. ಕ್ರಿಸ್‌ಮಸ್‌ವರೆಗೂ ಇರುತ್ತದೆ, ವಾರದ ದಿನ ಮಧ್ಯಾಹ್ನ ಹೋಗಿ. ಹುರಿದ ಬಾದಾಮಿ, ಪ್ರೆಟ್‌ಜಲ್, ಮಕ್ಕಳಿಗೆ ಮದ್ಯವಿಲ್ಲದ ಬಿಸಿ ಹಣ್ಣಿನ ಪಾನಕ ಸಿಗುತ್ತದೆ. ಪಾನಕ ಕೊಡುವ ಮಗ್ಗನ್ನು ಮನೆಗೆ ತರಬಹುದು, ಅದರ ಚಿತ್ರ ವರ್ಷವರ್ಷವೂ ಬದಲಾಗುತ್ತದೆ. ನಮ್ಮಲ್ಲಿ ಐದಿವೆ, ಒಂದರಲ್ಲಿ ಹುಣಸೆಹಣ್ಣು ನೆನೆಯುತ್ತಿರುತ್ತದೆ. ಅರೋರಾದಲ್ಲೂ ಈಗ ಅದರ ಇನ್ನೊಂದು ಸಂತೆ ನಡೆಯುತ್ತದೆ, ಬಾಲಾಜಿ ದೇವಸ್ಥಾನಕ್ಕೆ ಹೋಗುವ ದಿನವೇ ನೋಡಿಬರಬಹುದು.

ಮುಗಿದ ಮೇಲೆ

ಸಾಂಟಾ ದಾಟಿದ ಕೂಡಲೇ ಜನವೆಲ್ಲ ಒಟ್ಟಿಗೆ ತಿರುಗುತ್ತದೆ. ಎರಡೇ ದಾರಿ. ಸಾಂಟಾಗೆ ಹತ್ತು ನಿಮಿಷ ಮುಂಚೆ ಹೊರಡುವುದು, ಇಲ್ಲವೇ ಅರ್ಧ ಗಂಟೆ ತಡೆದು ಹೊರಡುವುದು. ಮಕ್ಕಳಿರುವ ಮನೆಯಲ್ಲಿ ಮೊದಲನೆಯದು ಆಗದ ಮಾತು, ಅವರು ಬಂದಿರುವುದೇ ಅವನಿಗಾಗಿ. ಆದ್ದರಿಂದ ತಡೆಯಿರಿ. ಬಾಣಬಿರುಸಿಗೆಂದು ನದಿಯ ಕಡೆಗೆ ಓಡಬೇಡಿ, ಅಲ್ಲಿ ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ. ಸದ್ದು ಮಾತ್ರ ಕಟ್ಟಡಗಳ ನಡುವೆ ಗುಡುಗುತ್ತದೆ, ಮಗುವಿಗೆ ಮೊದಲೇ ಹೇಳಿಡಿ. ಬೀದಿ ಖಾಲಿಯಾಗುತ್ತಿದ್ದಂತೆ ಮರಗಳ ಕೆಳಗೆ ಫೋಟೋ ತೆಗೆದುಕೊಳ್ಳಿ. ಆಮೇಲೆ ಅಲ್ಲಿ ಇಲ್ಲಿ ಅಲೆಯದೆ ನೇರ ರೈಲಿಗೆ ನಡೆಯಿರಿ. ಗ್ರ್ಯಾಂಡ್ ಸ್ಟೇಷನ್ ಬಾಗಿಲಲ್ಲಿ ಜನ ತುಂಬಿದ್ದರೆ ಉತ್ತರದ ಶಿಕಾಗೋ ಸ್ಟೇಷನ್ ನೋಡಿ.

ಇಷ್ಟೆಲ್ಲ ಓದಿ "ಅಯ್ಯೋ, ನಮ್ಮ ಕೈಲಾಗಲ್ಲ" ಎನಿಸಿದವರಿಗೂ ದಾರಿ ಇದೆ. ಮೆರವಣಿಗೆ ಒಂದು ಸಂಜೆಯದು, ಮರದ ದೀಪಗಳು ಹೊಸ ವರ್ಷ ದಾಟುವವರೆಗೂ ಇರುತ್ತವೆ. ಡಿಸೆಂಬರಿನ ಯಾವುದಾದರೂ ಮಂಗಳವಾರ ಸಂಜೆ 5 ಗಂಟೆಗೆ ಶಿಕಾಗೋ ಸ್ಟೇಷನ್‌ನಲ್ಲಿ ಇಳಿದು, ವಾಟರ್ ಟವರ್‌ನಿಂದ ನದಿಯ ತನಕ ನಿಧಾನವಾಗಿ ನಡೆದುಬನ್ನಿ. ಬ್ಯಾರಿಕೇಡ್ ಇಲ್ಲ, ನೂಕುನುಗ್ಗಲಿಲ್ಲ, ಚಳಿಯಾದರೆ ಯಾವ ಅಂಗಡಿಗಾದರೂ ನುಗ್ಗಬಹುದು. ಶನಿವಾರದ ಮೆರವಣಿಗೆಗೆ ಎರಡು ಗಂಟೆ ನಿಂತು ಮಂಡಿ ಹಿಡಿದುಕೊಂಡಿದ್ದ ಅಮ್ಮನನ್ನು ಆ ವರ್ಷ ಮತ್ತೊಮ್ಮೆ ಹೀಗೆ ಕರೆದೊಯ್ದಿದ್ದೆ. ಸೇತುವೆಯ ಮೇಲೆ ನಿಂತು ಹಿಂತಿರುಗಿ ಬೀದಿಯುದ್ದಕ್ಕೂ ನೋಡಿದರು.

"ಅವತ್ತು ಆ ಇಲಿ ನೋಡಕ್ಕೆ ಅಷ್ಟು ಹೊತ್ತು ನಿಲ್ಸಿದ್ಯಲ್ಲೋ," ಅಂದರು. "ಇವತ್ತೇ ಕರ್ಕೊಂಡು ಬರಬಹುದಿತ್ತಲ್ಲ."